ಹೊಗೆ ಇಲ್ಲದ ಕಪ್ಪು

“ಮಸಿ ಹಿಡಿದ ಅಡುಗೆಮನೆಯಿಂದ ಪಾರಾಗೋಕೆ ನಮಗೆ ಅರ್ಧ ಆಯಸ್ಸು ಹಿಡೀತು. ಬಿಳೀ ಟೈಲ್ಸ್ ಹಾಕಿಸ್ಕೊಂಡ ದಿನ ಅಕ್ಕಪಕ್ಕದೋರನ್ನೆಲ್ಲ ಕರೆದು ತೋರಿಸಿದ್ದೆ ನಾನು. ಈಗ ಇವರು ಕೈಯಾರ ದುಡ್ಡು ಕೊಟ್ಟು ಕಪ್ಪು ಮಾಡಿಸ್ತಾರಂತೆ, ನೋಡಮ್ಮಾ!”

ಮೈಸೂರಿನ ಚಾಮರಾಜಪುರಂನ ಹಳೇ ಮನೆಯೊಂದರ ಹಿರಿಯಾಕೆ ನನಗೆ ಹೇಳಿದ ಮಾತಿದು. ಹಳೇ ಮನೆಗಳಿಗೆ ಹೊಸ ಕೋಣೆ ಸೇರಿಸುವುದು ನನ್ನ ವೃತ್ತಿ. ಸೊಸೆಗೆ ಕಡುಹಸಿರು, ಇದ್ದಿಲು ಬಣ್ಣದ ಅಡುಗೆಮನೆ ಬೇಕು. ಜೊತೆಗೆ ಅತ್ತೆಯ ಕಾಲದ ಸಾಮಾನೆಲ್ಲ ಅದರಲ್ಲಿ ಕಾಣಬೇಕು. ಅತ್ತೆಗೆ ಕಪ್ಪೆಂದರೆ ಕಣ್ಣುರಿ, ಕೆಮ್ಮು. ಇಬ್ಬರ ಮಾತಿನಲ್ಲೂ ಹುರುಳಿದೆ. ಸೌದೆ ಒಲೆಯ ಕಾಲದಲ್ಲಿ ನಮ್ಮ ಅಡುಗೆಮನೆಗಳನ್ನು ಯಾರೂ ಕಪ್ಪು ಮಾಡಿಸಿದ್ದಲ್ಲ, ಅವೇ ಕಪ್ಪಾದವು. ಹೊಗೆಗೂಡು ಎಳೆಯದೇ ಬಿಟ್ಟ ಹೊಗೆ ಗೋಡೆಗೆ, ಜಂತೆಗೆ, ಅಟ್ಟದ ಮೇಲಿನ ಹುಣಸೆಹಣ್ಣಿನ ಮಡಕೆಗೆ ಅಂಟಿ ಇಲ್ಲಣ ಕಟ್ಟುತ್ತಿತ್ತು. ಆ ಹೊಗೆಯಿಂದ ಮರಕ್ಕೆ ಹುಳು ಹತ್ತುತ್ತಿರಲಿಲ್ಲ ಎನ್ನುವುದು ಅದರ ಒಂದೇ ಒಳ್ಳೆಯ ಗುಣ. ಗ್ಯಾಸ್ ಬಂದ ಮೇಲೆ ಜನ ಬಿಳಿಯ ಹಿಂದೆ ಬಿದ್ದದ್ದು ಶೋಕಿಗಲ್ಲ, ಬಿಡುಗಡೆಗೆ. ಈಗಿನ ಕಪ್ಪಿನ ಹಿಂದೆ ಹೊಗೆಯಿಲ್ಲ. ಫೋಟೊ ಇದೆ.

ಆ ಫೋಟೊ ಎಲ್ಲಿಯದು ಎಂದು ಮೊದಲು ಕೇಳಬೇಕು. ಸೊಸೆ ತನ್ನ ಫೋನಿನಲ್ಲಿ ತೋರಿಸಿದ ಚಿತ್ರಗಳಲ್ಲಿ ಹೆಚ್ಚಿನವು ಲಂಡನ್ನಿನವು. ವಿಕ್ಟೋರಿಯಾ ರಾಣಿಯ ಕಾಲದ, ಸಾಲಾಗಿ ಒಂದಕ್ಕೊಂದು ಅಂಟಿದ ಇಟ್ಟಿಗೆ ಮನೆಗಳು. ಅವುಗಳ ಹಿಂಭಾಗದಲ್ಲಿ ಪಕ್ಕದ ಮನೆಯ ಗೋಡೆಗೂ ತಮ್ಮ ಅಡುಗೆಮನೆಗೂ ನಡುವೆ ಕಿರಿದಾದ ಓಣಿ ಉಳಿದಿರುತ್ತದೆ. ಅದಕ್ಕೆ ಗಾಜಿನ ಮಾಡು ಹೊದಿಸಿ ಅಡುಗೆಮನೆಯನ್ನು ಹಿಗ್ಗಿಸುವುದು ಅಲ್ಲಿನ ಜನ ಬಹಳ ಕಾಲದಿಂದ ಮಾಡಿಕೊಂಡು ಬಂದ ಉಪಾಯ. ಆ ಗಾಜಿನಡಿಯಲ್ಲಿ ಕಪ್ಪು ಕಪಾಟು, ಹಿತ್ತಾಳೆ ನಲ್ಲಿ, ಹಳೇ ಮರದ ಮೇಜು ಇಟ್ಟರೆ ಚೆನ್ನಾಗಿ ಕಾಣದೆ ಇನ್ನೇನು? ಡಿಸೆಂಬರಿನಲ್ಲಿ ಲಂಡನ್ನಿನ ನಡುಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 15 ಡಿಗ್ರಿಯಷ್ಟೇ ಮೇಲೇಳುತ್ತಾನೆ. ಅಂಥ ಊರಿನಲ್ಲಿ ಮಾಡಿನಿಂದ ಬರುವ ಒಂದೊಂದು ಕಿರಣಕ್ಕೂ ಬೆಲೆಯಿದೆ.

ಮೈಸೂರಿರುವುದು ಉತ್ತರ ಅಕ್ಷಾಂಶ 12.3 ಡಿಗ್ರಿಯಲ್ಲಿ. ಇಲ್ಲಿ ಡಿಸೆಂಬರಿನ ಮಧ್ಯಾಹ್ನವೂ ಸೂರ್ಯ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಏಪ್ರಿಲ್ ನಾಲ್ಕನೇ ವಾರದಲ್ಲಿ, ಮತ್ತೆ ಆಗಸ್ಟ್ ಮೂರನೇ ವಾರದಲ್ಲಿ ನಡುನೆತ್ತಿಗೇ ಬರುತ್ತಾನೆ. ಲಂಡನ್ನಿನ ಗಾಜಿನ ಮಾಡನ್ನು ಇಲ್ಲಿ ತಂದು ಕೂರಿಸಿದರೆ ಅದು ಹಪ್ಪಳ ಒಣಗಿಸುವ ತಾರಸಿಯಾಗುತ್ತದೆ. ಮಾಡು ಗಾಜಿನದಾಗದಿದ್ದರೆ ಕಪ್ಪು ಕೋಣೆ ಗವಿಯಾಗುತ್ತದೆ. ನಮ್ಮಲ್ಲಿ ಕಪ್ಪು ಅಡುಗೆಮನೆಯ ತೊಡಕು ಇರುವುದು ಇಲ್ಲಿಯೇ, ಬಣ್ಣದ ಆಯ್ಕೆಯಲ್ಲಲ್ಲ.

ಲೆಕ್ಕ ಸರಳ. ಒಳ್ಳೆಯ ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ 80ರಷ್ಟು ಪಾಲನ್ನು ಹಿಂದಕ್ಕೆ ಕೊಡುತ್ತದೆ. ಇದ್ದಿಲು ಬಣ್ಣ ಕೊಡುವುದು 5, ಹೆಚ್ಚೆಂದರೆ 10. ಬಿಳಿ ಕೋಣೆಯಲ್ಲಿ ಒಂದು ಕಿಟಕಿಯ ಬೆಳಕು ಗೋಡೆಯಿಂದ ಗೋಡೆಗೆ ಹಾರಿ ಮೂಲೆಯನ್ನೂ ಮುಟ್ಟುತ್ತದೆ. ಕಪ್ಪು ಕೋಣೆಯಲ್ಲಿ ಮೊದಲ ಗೋಡೆಗೇ ಅದರ ಕಥೆ ಮುಗಿಯುತ್ತದೆ. ಹಾಗಾಗಿ ಕಪ್ಪು ಕೋಣೆಯಲ್ಲಿ ಬೆಳಕು ಕೆಲಸದ ಜಾಗಕ್ಕೆ ನೇರವಾಗಿ ಬೀಳಬೇಕು. ಸುತ್ತಾಡಿ ಬರಲಿ ಎಂದು ಕಾಯುವಂತಿಲ್ಲ.

ಚಾಮರಾಜಪುರಂ ಮನೆ 1940ರ ದಶಕದ್ದು. ಇಟ್ಟಿಗೆಯನ್ನು ಜಂತೆಗಳ ಮೇಲೆ ಓರೆಯಾಗಿ ನಿಲ್ಲಿಸಿ ಗಾರೆ ಹಾಕಿದ ಮದ್ರಾಸ್ ತಾರಸಿ, ರೆಡ್ ಆಕ್ಸೈಡ್ ನೆಲ, ಹಿಂದೆ ಹಿತ್ತಲು, ಅದರಾಚೆ ಕನ್ಸರ್ವೆನ್ಸಿ ಗಲ್ಲಿ. ಪ್ಲೇಗಿನ ಪೆಟ್ಟು ತಿಂದ ಮೈಸೂರು 1903ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿಕೊಂಡು ಗಾಳಿಬೆಳಕಿಗೆ ಜಾಗ ಬಿಟ್ಟು ಬಡಾವಣೆ ಕಟ್ಟಿದ ಊರು. ಆ ಜಾಗವನ್ನೇ ನಾವೀಗ ಕೋಣೆ ಸೇರಿಸಿ ಸೇರಿಸಿ ತಿನ್ನುತ್ತಿದ್ದೇವೆ, ನನ್ನನ್ನೂ ಸೇರಿಸಿ. ಹಳೇ ಅಡುಗೆಮನೆ 10 ಅಡಿಗೆ 12 ಅಡಿ. ಅದಕ್ಕಿದ್ದ ಒಂದೇ ಕಿಟಕಿ ಹಿತ್ತಲಿಗೆ. ಹಿತ್ತಲಲ್ಲಿ 10 ಅಡಿಗೆ 14 ಅಡಿಯ ಹೊಸ ಕೋಣೆ ಎದ್ದರೆ ಆ ಕಿಟಕಿ ಹೋಯಿತು. ಹೊಸ ಕೋಣೆಗೆ ಬೆಳಕು ಸಿಗುತ್ತದೆ, ಹಳೆಯದು ನಡುಮನೆಯಾಗಿ ಕತ್ತಲಾಗುತ್ತದೆ. ಅಡುಗೆಮನೆ ಹಿಗ್ಗಿಸಿದ ನೂರು ಮನೆ ನೋಡಿ, ಬಹುಪಾಲು ಮನೆಗಳಲ್ಲಿ ಹಗಲೂ ಟ್ಯೂಬ್‌ಲೈಟ್ ಉರಿಯುವ ನಡುಕೋಣೆಯೊಂದು ಸಿಕ್ಕೇ ಸಿಗುತ್ತದೆ.

ಇಲ್ಲಿ ಮಾಡಿದ್ದು ಇಷ್ಟು. ಹಳೇ ಗೋಡೆಗೂ ಹೊಸ ತಾರಸಿಗೂ ನಡುವೆ ಎರಡಡಿ ಅಗಲದ ಪಟ್ಟಿ ಬಿಟ್ಟು, ಅದರ ಮೇಲಷ್ಟೇ ಬೆಳಕಿಂಡಿ ಎಬ್ಬಿಸಿದೆವು. ಗಾಜನ್ನು ಮಲಗಿಸಲಿಲ್ಲ, ತಾರಸಿಯಿಂದ ಮೇಲಕ್ಕೆ ನಿಲ್ಲಿಸಿದೆವು, ಮುಖ ಉತ್ತರಕ್ಕೆ. ಉತ್ತರದ ಬೆಳಕಿಗೆ ಬಿಸಿಲಿಲ್ಲ ಎಂದು ಪುಸ್ತಕಗಳಲ್ಲಿ ಓದಿದವರು ಹೇಳುತ್ತಾರೆ. ಆ ಪುಸ್ತಕಗಳು ಹೆಚ್ಚಾಗಿ ಯುರೋಪಿನವು. ಮೈಸೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಹಾಗಾಗಿ ಗಾಜಿನ ಮೇಲೆ ಒಂದೂವರೆ ಅಡಿಯ ಸಜ್ಜಾ ಇಳಿಸಿದೆವು. ಗಾಜಿನ ಪಕ್ಕ ಬಿಸಿಗಾಳಿ ಹೊರಹೋಗಲು ಕಂಡಿ, ಅದಕ್ಕೆ ಸೊಳ್ಳೆ ಜಾಲರಿ. ಬೆಳಕಿಂಡಿಯ ಎದುರಿನ ಹಳೇ ಗೋಡೆಯನ್ನು ಬಿಳೀ ಸುಣ್ಣದಲ್ಲೇ ಉಳಿಸಿದೆವು. ಮೇಲಿಂದ ಇಳಿದ ಬೆಳಕು ಆ ಸುಣ್ಣಕ್ಕೆ ಬಡಿದು ಹೊಸ ಕೋಣೆಗೂ ಹಳೇ ಕೋಣೆಗೂ ಹಂಚಿಹೋಗುತ್ತದೆ. ಕಪ್ಪು ಅಡುಗೆಮನೆಯ ಅತಿ ಮುಖ್ಯ ಗೋಡೆ ಬಿಳಿಯದು ಎಂದರೆ ಸೊಸೆಗೆ ಮೊದಲು ಸಿಟ್ಟೇ ಬಂದಿತ್ತು.

ಆ ಪಟ್ಟಿ ಇನ್ನೊಂದು ಕೆಲಸವನ್ನೂ ಮಾಡಿತು. ಎಂಬತ್ತು ವರ್ಷ ಕೂತು ನೆಲೆ ಕಂಡುಕೊಂಡ ಪಾಯದ ಪಕ್ಕ ಹೊಸ ಪಾಯ ಹಾಕಿದರೆ ಹೊಸದು ತನ್ನ ಪಾಲಿಗೆ ಸ್ವಲ್ಪ ಕುಸಿಯುತ್ತದೆ. ಎರಡನ್ನೂ ಸಿಮೆಂಟಿನಲ್ಲಿ ಅಂಟಿಸಿದರೆ ಬಿರುಕು ಖಂಡಿತ. ಹಿಂದೊಮ್ಮೆ ಇದೇ ಮನೆಗೆ ಗುತ್ತಿಗೆದಾರರೊಬ್ಬರು ಬಚ್ಚಲು ಸೇರಿಸುವಾಗ ಹಾಗೇ ಅಂಟಿಸಿದ್ದರಿಂದ ಪ್ರತಿ ಮಳೆಗಾಲಕ್ಕೂ ಗೋಡೆಯಲ್ಲಿ ನೀರು ಇಳಿಯುತ್ತಿತ್ತು. ನಮ್ಮ ಮೇಸ್ತ್ರಿ ಎರಡು ಗೋಡೆಗಳ ನಡುವೆ ಒಂದು ಅಂಗುಲ ಸಂದು ಬಿಟ್ಟು, ಅದಕ್ಕೆ ಹಿಗ್ಗಿ ಕುಗ್ಗುವ ಫಿಲ್ಲರ್ ತುಂಬಿ, ಮೇಲೆ ಅಲ್ಯೂಮಿನಿಯಂ ತಗಡಿನ ಹೊದಿಕೆ ಕೊಟ್ಟರು. ಹಳೇ ಗೋಡೆಯಲ್ಲಿ ಏಳಡಿ ಅಗಲಕ್ಕೆ ದಾರಿ ತೆಗೆಯುವಾಗಲೂ ಅಷ್ಟೇ ಎಚ್ಚರ ಬೇಕಾಯಿತು. ಆ ಗೋಡೆಯ ಮೇಲೆಯೇ ಜಂತೆಗಳು ಕೂತಿದ್ದವು. ಮೊದಲು ತಾತ್ಕಾಲಿಕ ಕಂಬಗಳ ಆಸರೆ, ಆಮೇಲೆ ಉಕ್ಕಿನ ತೊಲೆ, ಕೊನೆಗೆ ಇಟ್ಟಿಗೆ ಬಿಡಿಸುವುದು. ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಹಳೇ ಗೋಡೆಗೆ ಸುತ್ತಿಗೆ ಹಾಕಬೇಡಿ. ಪಾಲಿಕೆಯ ಅನುಮತಿಯನ್ನೂ ಮೊದಲೇ ಪಡೆಯಿರಿ. ಹಿಂಬದಿಯಲ್ಲಿ ಎಷ್ಟು ಜಾಗ ಬಿಡಬೇಕೆಂಬ ನಿಯಮ ಹಿತ್ತಲಿಗೂ ಉಂಟು. ಆ ಉಕ್ಕಿನ ತೊಲೆಯನ್ನು ನಾವು ಪ್ಲಾಸ್ಟರಿನಲ್ಲಿ ಮುಚ್ಚಲಿಲ್ಲ, ಕಪ್ಪು ಬಣ್ಣ ಬಳಿದು ಹಾಗೇ ಬಿಟ್ಟೆವು. ಹಳತು ಎಲ್ಲಿ ಮುಗಿಯಿತು, ಹೊಸತು ಎಲ್ಲಿ ಶುರುವಾಯಿತು ಎಂದು ಯಾರಿಗಾದರೂ ಕಾಣಲಿ.

ಇನ್ನು ಕಪ್ಪಿನ ಸಾಮಾನು. ನಮ್ಮ ನಾಡಿನಲ್ಲಿ ಕಪ್ಪು ಕಲ್ಲಿಗೆ ಬರವಿಲ್ಲ, ಆದರೆ ಎಲ್ಲ ಕಪ್ಪೂ ಒಂದೇ ಅಲ್ಲ. ಹಳೇ ಅಡುಗೆಮನೆಗಳ ಗೋಡೆ ಶೆಲ್ಫಿಗೆ ಹಾಕಿದ ಕಡಪ ಕಲ್ಲು ಆಂಧ್ರದ ಸುಣ್ಣದಕಲ್ಲು. ಅಗ್ಗ, ಗಟ್ಟಿ, ಆದರೆ ಹುಳಿಗೆ ಆಗದು. ನಿಂಬೆರಸ, ಹುಣಸೆ ಹುಳಿ ಚೆಲ್ಲಿ ಒರೆಸದೆ ಬಿಟ್ಟರೆ ಹೊಳಪು ಹೋಗಿ ಬಿಳಿಚಿದ ಗುರುತು ಉಳಿಯುತ್ತದೆ. ದಿನವೂ ಗೊಜ್ಜು, ಸಾರು ಮಾಡುವ ಮನೆಯಲ್ಲಿ ಅದನ್ನು ಕಟ್ಟೆಗೆ ಹಾಕುವುದು ಕಲ್ಲಿಗೂ ಮನೆಯವರಿಗೂ ಹಿಂಸೆ. ಕಟ್ಟೆಗೆ ಚಾಮರಾಜನಗರದ ಕಪ್ಪು ಗ್ರಾನೈಟ್ ತಂದೆವು. ವ್ಯಾಪಾರದಲ್ಲಿ ಗ್ರಾನೈಟ್ ಎಂದು ಹೆಸರು. ಭೂವಿಜ್ಞಾನದ ಪ್ರಕಾರ ಅದು ಡಾಲರೈಟ್. ಹುಳಿಗೂ ಬಿಸಿಗೂ ಜಗ್ಗುವುದಿಲ್ಲ. ಕನ್ನಡಿಯ ಹೊಳಪು ಬೇಡವೆಂದು ಲೆದರ್ ಫಿನಿಶ್ ಮಾಡಿಸಿದೆವು, ಬೆರಳಿನ ಗುರುತು, ನೀರಿನ ಕಲೆ ಕಡಿಮೆ ಕಾಣುತ್ತದೆ. ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ: ಬಿಳೀ ಬಟ್ಟೆಗೆ ಸ್ವಲ್ಪ ಥಿನ್ನರ್ ಹಚ್ಚಿ ಕಲ್ಲನ್ನು ಉಜ್ಜಿ. ಬಟ್ಟೆಗೆ ಕಪ್ಪು ಹತ್ತಿದರೆ ಅದು ಬೂದು ಕಲ್ಲಿಗೆ ಬಣ್ಣ ಕುಡಿಸಿದ್ದು, ಒಂದೆರಡು ವರ್ಷದಲ್ಲಿ ಒಲೆಯ ಪಕ್ಕ ಬಣ್ಣ ಬಿಟ್ಟು ನಿಲ್ಲುತ್ತದೆ.

ಹಳೇ ಕಡಪ ಚಪ್ಪಡಿಗಳನ್ನು ಎಸೆಯಲಿಲ್ಲ. ಉಜ್ಜಿಸಿ, ಹೊಸ ಕೋಣೆಯಲ್ಲಿ ಒಣಸಾಮಾನಿನ ತೆರೆದ ಶೆಲ್ಫಿಗೆ ಹಾಕಿದೆವು. ಕೆಳಗಿನ ಕಪಾಟುಗಳು ಹೊಸವು: ನೀರಿಗೆ ತಾಳುವ ಐಎಸ್ 710 ಗುರುತಿನ ಪ್ಲೈವುಡ್, ಮೇಲೆ ಕಡುಹಸಿರಿನ ಮ್ಯಾಟ್ ಲ್ಯಾಮಿನೇಟ್, ಒಳಗೆ ಪೂರ್ತಿ ಎಳೆದುಕೊಳ್ಳುವ ಡ್ರಾಯರ್. ಒಳಮೈ ಮಾತ್ರ ಬಿಳಿ. ಕಪ್ಪು ಡ್ರಾಯರಿನೊಳಗೆ ಕಪ್ಪು ಬಾಣಲೆ ಹುಡುಕುವ ಕಷ್ಟ ಯಾರಿಗೂ ಬೇಡ. ಜಿರಲೆಯ ವಿಷಯವನ್ನೂ ಹೇಳಬೇಕಲ್ಲ: ಬಿಳೀ ಕಟ್ಟೆಯ ಮೇಲೆ ಓಡಿದ್ದು ಕಾಣುತ್ತದೆ, ಕಪ್ಪಿನ ಮೇಲೆ ಅದು ನಮಗಿಂತ ನೆಮ್ಮದಿಯಾಗಿರುತ್ತದೆ. ಚೆಲ್ಲಿದ ಸಾಸಿವೆಯೂ ಹಾಗೇ. ಅತ್ತೆ ಪಟ್ಟು ಹಿಡಿದು ಒಲೆಯ ಹಿಂದಿನ ಗೋಡೆಗೆ ಬಿಳೀ ಟೈಲ್ಸನ್ನೇ ಹಾಕಿಸಿದರು. ಸೊಸೆ ಒಪ್ಪಿದ್ದು ಒಲ್ಲದ ಮನಸ್ಸಿನಿಂದ. ನನ್ನ ಪ್ರಕಾರ ಇಡೀ ಕೋಣೆಯಲ್ಲಿ ಎಲ್ಲಕ್ಕಿಂತ ಸರಿಯಾದ ನಿರ್ಧಾರ ಅದು. ಒಗ್ಗರಣೆ ಎಲ್ಲಿ ಸಿಡಿದಿದೆ ಎಂದು ತಿಳಿದರೆ ತಾನೆ ಒರೆಸುವುದು?

ಮ್ಯಾಟ್ ಮೇಲ್ಮೈ ಎಣ್ಣೆಯ ಜಿಡ್ಡನ್ನು ಹಿಡಿದುಕೊಳ್ಳುತ್ತದೆ. ಗಂಟೆಗೆ 1000ದಿಂದ 1200 ಘನಮೀಟರ್ ಗಾಳಿ ಎಳೆಯುವ ಚಿಮಣಿ, ತಿರುವು ಕಡಿಮೆಯಿರುವ ಆರಂಗುಲದ ಕೊಳವೆ ಇಲ್ಲದೆ ಕಪ್ಪು ಅಡುಗೆಮನೆ ಮಾಡಬೇಡಿ. ಬೋರ್‌ವೆಲ್ ನೀರಿನ ಮನೆಯವರು ಕಪ್ಪು ಸಿಂಕು, ಕಪ್ಪು ನಲ್ಲಿ ಆಸೆಪಡದಿರುವುದು ಲೇಸು. ಗಡಸು ನೀರಿನ ಸುಣ್ಣ ಅದರ ಮೇಲೆ ಬಿಳೀ ಪೊರೆ ಕಟ್ಟುತ್ತದೆ. ಕಪ್ಪು ಬಣ್ಣದಿಂದ ಕೋಣೆ ಬಿಸಿಯಾಗುತ್ತದೆ ಎಂಬ ಭಯ ಹಲವರಿಗಿದೆ. ಬಿಸಿಲು ನೇರ ಬೀಳುವ ತಾರಸಿಗೆ, ಹೊರಗೋಡೆಗೆ ಆ ಮಾತು ಸತ್ಯ. ನೆರಳಲ್ಲಿರುವ ಒಳಗಿನ ಕಪಾಟಿಗೆ ಅಲ್ಲ.

ಹಳತು-ಹೊಸತನ್ನು ಬೆರೆಸುವುದೆಂದರೆ ಗುಜರಿಯಿಂದ ತಂದ ಲಾಟೀನು ನೇತುಹಾಕುವುದು ಎಂದು ಅನೇಕರು ತಿಳಿದಿದ್ದಾರೆ. ನನಗೆ ಅದು ಸೇರದು. ಕಾರೈಕುಡಿಯ ಹಳೇಸಾಮಾನಿನ ಅಂಗಡಿ ಬೀದಿಯಿಂದಲೋ ಮಟ್ಟಾಂಚೇರಿಯಿಂದಲೋ ಯಾರದೋ ಮನೆಯ ಕಂಬ ಕೊಂಡುತಂದು ನಮ್ಮ ಮನೆಯ ಹಳಮೆ ಎನ್ನುವುದು ಹೇಗೆ? ಇದೇ ಮನೆಯ ಅಟ್ಟ ಇಳಿಸಿದಾಗ ಎಷ್ಟೊಂದು ಸಿಕ್ಕಿತು. ಜಾಲರಿ ಬಾಗಿಲಿನ ತೇಗದ ಬೀರು, ಬೀಟೆಮರದ ಈಳಿಗೆಮಣೆ, ಎರಡು ಹಿತ್ತಾಳೆ ಕೊಳಗ, ಬಳಪದ ಕಲ್ಲಿನ ಮರಿಗೆಗಳು. ಆ ಮರಿಗೆಗಳನ್ನು ನೋಡಿ ಸೊಸೆ ಒಳಾಂಗಣಕ್ಕೆ ಯಾವ ಕಪ್ಪು ಎಂದು ತೀರ್ಮಾನಿಸಿದಳು. ಬಳಪದ ಕಲ್ಲು ಹೊಸದರಲ್ಲಿ ಬೂದು. ಎಣ್ಣೆ ಕುಡಿದು, ಒಲೆ ಕಂಡು, ವರ್ಷಗಳ ಮೇಲೆ ಹಸಿರು ಮಿಂಚುವ ಕಪ್ಪಾಗುತ್ತದೆ. ಹೊಯ್ಸಳರ ಗುಡಿಗಳ ಕಲ್ಲೂ ಇದೇ ಜಾತಿಯದು. ಹುಳಿಯ ಜೊತೆ ಜಗಳವಾಡದ ಕಲ್ಲಾದ್ದರಿಂದ ಗೊಜ್ಜು, ಉಪ್ಪಿನಕಾಯಿಗೆ ಅದನ್ನೇ ಬಳಸುತ್ತಿದ್ದರು. ಕಲಾಯಿ ಹೋದ ಹಿತ್ತಾಳೆಗೆ ಆ ಯೋಗ್ಯತೆ ಇಲ್ಲ. ಬಣ್ಣದ ಕಂಪನಿಯ ಕಾರ್ಡಿನಲ್ಲಿ ಹುಡುಕಿ ಹುಡುಕಿ ಸಿಗದ ಬಣ್ಣ ಅಟ್ಟದ ಮೇಲಿತ್ತು.

ನಾನು ಪಾಲಿಸುವ ನಿಯಮ ಒಂದೇ: ಕೈ ಮುಟ್ಟುವುದು ಹಳತಾಗಿರಲಿ, ನೀರು ಬೆಂಕಿ ಕರೆಂಟು ಹರಿಯುವುದು ಹೊಸತಾಗಿರಲಿ. ಜಾಲರಿ ಬೀರು ಈಗಲೂ ಹಣ್ಣು, ಬೆಲ್ಲ, ತುಪ್ಪ ಇಡುವ ಬೀರೇ. ಜಾಲರಿ ಮಾತ್ರ ಬದಲಾಗಿದೆ. ಬಿಡಿಸಿದ ಗೋಡೆಯ ಕಿಟಕಿ ಚೌಕಟ್ಟು ಬಾಗಿಲಾಗಿ ನಿಂತಿದೆ. ಡ್ರಾಯರುಗಳ ಹಿಡಿ ಹಿತ್ತಾಳೆಯದು, ಹಳೇ ಬಾಗಿಲುಗಳಿಂದ ಬಿಚ್ಚಿದ್ದು. ಆದರೆ ದುಂಡನೆಯ ಕಪ್ಪು ಬೇಕಲೈಟ್ ಸ್ವಿಚ್ಚುಗಳನ್ನು ಹಾಗೇ ಬಳಸೋಣ ಎಂದಾಗ ನಾನು ಒಪ್ಪಲಿಲ್ಲ. ಬಟ್ಟೆ ಸುತ್ತಿದ ಹಳೇ ವೈರು, ಅರ್ಥಿಂಗ್ ಇಲ್ಲದ ಸಾಕೆಟ್ಟು, ಪಕ್ಕದಲ್ಲಿ ಮಿಕ್ಸಿ, ಒದ್ದೆ ಕೈ. ಹೊಸ ವೈರಿಂಗ್, ಕರೆಂಟು ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, 16 ಆಂಪಿಯರ್ ಸಾಕೆಟ್ಟು. ನೋಡಲು ಹಳೆಯದರಂತೆ ಇರುವ ಹೊಸ ಸ್ವಿಚ್ಚುಗಳು ಪೇಟೆಯಲ್ಲಿ ಸಿಗುತ್ತವೆ, ಅಷ್ಟು ಸಾಕು.

ಹೊಸತಿನ ಕಡೆಯ ಪಾಠ ಬಂದದ್ದು ಜರ್ಮನಿಯಿಂದ. 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯದ ಮಹಿಳಾ ವಾಸ್ತುಶಿಲ್ಪಿ ಫ್ರಾಂಕ್‌ಫರ್ಟಿನ ಸಾಮಾನ್ಯ ಜನರ ವಸತಿಗಳಿಗಾಗಿ ಅಡುಗೆಮನೆ ರೂಪಿಸಿದರು. 1.9 ಮೀಟರಿಗೆ 3.4 ಮೀಟರ್; ಎಲ್ಲ ಕೈಗೆಟಕುವಷ್ಟು ಹತ್ತಿರ. ಸುಮಾರು 10,000 ಮನೆಗಳಿಗೆ ಅದನ್ನು ಅಳವಡಿಸಲಾಯಿತು. ಇಂದಿನ ಮಾಡ್ಯುಲರ್ ಕಿಚನ್ನುಗಳೆಲ್ಲದರ ತಾಯಿ ಅದೇ. ನೊಣ ಕೂರುವುದಿಲ್ಲ ಎಂಬ ನಂಬಿಕೆಯಿಂದ ಕಪಾಟುಗಳಿಗೆ ಬಳಿದದ್ದು ಬಿಳಿಯಲ್ಲ, ನೀಲಿ. ಕೋಣೆ ದೊಡ್ಡದಾದಷ್ಟೂ ನಡಿಗೆ ಹೆಚ್ಚುತ್ತದೆ ಎನ್ನುವುದನ್ನು ಅಡುಗೆಮನೆ ಹಿಗ್ಗಿಸುವವರು ಮರೆಯುತ್ತಾರೆ. ನಮ್ಮ 10 ಅಡಿಗೆ 14 ಅಡಿಯಲ್ಲಿ ಒಲೆ, ಸಿಂಕು, ಫ್ರಿಜ್ಜು ಮೂರೂ ಒಂದೇ ತುದಿಯಲ್ಲಿವೆ. ಉಳಿದ ಜಾಗ ಊಟದ ಮೇಜಿಗೆ, ಮತ್ತು ಕೂತು ತರಕಾರಿ ಹೆಚ್ಚುವ ಅತ್ತೆಗೆ. ಕಟ್ಟೆಯ ಎತ್ತರ ಅಡುಗೆ ಮಾಡುವವರ ಮೊಣಕೈಗಿಂತ ಒಂದು ಗೇಣಿನೊಳಗೆ ಕೆಳಗಿರಬೇಕು; ಅಂಗಡಿಯವರು ಹೇಳಿದ ಅಳತೆ ಅವರ ಮನೆಗೆ.

ನೆಲದ ವಿಷಯದಲ್ಲಿ ನಾನು ಹಟ ಹಿಡಿದೆ. ಕಪ್ಪು ಆಕ್ಸೈಡ್ ನೆಲ ಬರಿಗಾಲಲ್ಲಿ ಓಡಾಡುವ ಮನೆಗಲ್ಲ. ಒದ್ದೆ ಹೆಜ್ಜೆ, ಅಕ್ಕಿಹಿಟ್ಟಿನ ಧೂಳು ಎಲ್ಲ ಎದ್ದು ಕಾಣುತ್ತದೆ. ಹೊಸ ಕೋಣೆಗೂ ಕೆಂಪು ನೆಲವೇ ಆಯಿತು. ಎಂಬತ್ತು ವರ್ಷ ತುಳಿದ ಕೆಂಪಿಗೆ ಹೊಸ ಕೆಂಪು ಹೊಂದುವುದಿಲ್ಲ, ಹೊಂದಿಸಲೂ ಹೋಗಬಾರದು. ಎರಡೂ ಸೇರುವಲ್ಲಿ ಆರಂಗುಲದ ಕಪ್ಪು ಪಟ್ಟಿ ಎಳೆದೆವು, ಹಳೇ ನೆಲದ ಅಂಚಿಗಿದ್ದ ಅದೇ ಪಟ್ಟಿ. ಆಕ್ಸೈಡ್ ಹುಡಿ ಸಿಮೆಂಟಿನ ತೂಕದಲ್ಲಿ ಶೇ. 10ನ್ನು ಮೀರಬಾರದು, ಮೀರಿದರೆ ನೆಲ ಬಲ ಕಳೆದುಕೊಳ್ಳುತ್ತದೆ. ಕಪ್ಪಿಗೆ ಐರನ್ ಆಕ್ಸೈಡೇ ಬೇಕು. ಬರೀ ಇಂಗಾಲದ ಹುಡಿ ಮೇಲೆ ತೇಲಿ ಬಂದು ಬಣ್ಣ ಮಸುಕಾಗುತ್ತದೆ. ಮಿಕ್ಕದ್ದೆಲ್ಲ ಕರಣೆ ಹಿಡಿದ ಕೈಯಲ್ಲಿದೆ. ಯಾವಾಗ ತೀಡಬೇಕು, ಎಷ್ಟು ಒತ್ತಬೇಕು ಎಂದು ತಿಳಿದ ಗಾರೆಯವರು ಮೈಸೂರಿನಲ್ಲಿ ಈಗ ವಿರಳ. ಸಿಕ್ಕರೆ ಅವರು ಕೇಳಿದ ಕೂಲಿಗೆ ಚೌಕಾಸಿ ಮಾಡಬೇಡಿ. ತೀಡಿ ಮುಗಿದ ಮೇಲೆ ವಾರಕ್ಕೆ ಕಡಿಮೆಯಿಲ್ಲದಂತೆ ನೀರು ಕಟ್ಟಬೇಕು; ಹೊಳಪು ಬರುವುದು ಆಮೇಲೆ, ಒರೆಸಿ ಒರೆಸಿ, ಅಪರೂಪಕ್ಕೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿ.

ಸಂಜೆಯ ದೀಪಗಳನ್ನು ಮೂರು ಸ್ವಿಚ್ಚಿಗೆ ಒಡೆದೆವು. ಶೆಲ್ಫಿನ ಅಡಿಯಿಂದ ಕಟ್ಟೆಯ ಮೇಲೆ ಬೀಳುವ ಎಲ್ಇಡಿ ಪಟ್ಟಿ, ಊಟದ ಮೇಜಿನ ಮೇಲೆ ಹಳೇ ಎನಾಮಲ್ ಛತ್ರಿಯ ದೀಪ, ಬಿಳೀ ಗೋಡೆಯನ್ನು ಬೆಳಗುವುದೊಂದು. ಬಣ್ಣ 3000 ಕೆಲ್ವಿನ್. ಅದಕ್ಕೂ ಮುಖ್ಯವಾದದ್ದು ಡಬ್ಬದ ಮೇಲೆ ಸಿಆರ್‌ಐ ಎಂದು ಬರೆದಿರುವ ಸಂಖ್ಯೆ. ಅದು 90ಕ್ಕಿಂತ ಮೇಲಿರಲಿ. ಕಡಿಮೆ ಸಿಆರ್‌ಐ ದೀಪದಲ್ಲಿ ಒಗ್ಗರಣೆಯ ಉದ್ದಿನಬೇಳೆ ಕೆಂಪಾಯಿತೋ ಸೀದಿತೋ ತಿಳಿಯುವುದಿಲ್ಲ. ಕಪ್ಪು ಬಾಣಲೆ, ಕಪ್ಪು ಕಟ್ಟೆ ಇರುವಲ್ಲಿ ಇನ್ನೂ ಕಷ್ಟ.

ಇಂಥದೊಂದು ಮಾಡಿಸಬೇಕೆಂದಿದ್ದರೆ ಬಣ್ಣದ ಕಾರ್ಡು ಕೇಳುವ ಮೊದಲು ಒಂದು ಕೆಲಸ ಮಾಡಿ. ಮೋಡ ಕವಿದ ದಿನ ಈಗಿನ ಅಡುಗೆಮನೆಯಲ್ಲಿ ದೀಪ ಹಾಕದೆ, ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಐದಕ್ಕೆ ಕಟ್ಟೆಯ ಮುಂದೆ ನಿಂತು ದಿನಪತ್ರಿಕೆ ಓದಿ. ಗೋಡೆಗಳು ಬೆಳ್ಳಗಿರುವಾಗಲೇ ಅಕ್ಷರ ಕಾಣದಿದ್ದರೆ ಮೊದಲ ದುಡ್ಡು ಬೆಳಕಿಂಡಿಗೆ ಹೋಗಲಿ. ಕಪ್ಪು ಬಳಿಯುವುದಕ್ಕೆ ಒಂದು ವಾರ ಸಾಕು, ಅದನ್ನು ಯಾವಾಗ ಬೇಕಾದರೂ ಮಾಡಿಸಬಹುದು.